ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ, ಮೊಬೈಲ್ ಪ್ರಚಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು, ಕಾಲೇಜಿನ ಎನ್‌ಎಸ್‌ಎಸ್ ಹುಡುಗಿಯರು, ಊರಿನ ವಾಟ್ಸ್ಆ್ಯಪ್ ಗುಂಪು ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ತಪಾಸಣೆಗೆ ಬರುವ ಹೆಣ್ಣುಮಕ್ಕಳೇ ಕೇಳುವವೂ ಇವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲು ತಪಾಸಣೆಯ ಮಾತು

ನನಗ ಏನೂ ತ್ರಾಸ ಇಲ್ರಿ. ಮತ್ತ ಯಾಕ ತೋರಿಸ್ಕೋಬೇಕು?

ತೋರಿಸಿಕೊಳ್ಳಬೇಕಾದದ್ದೇ ತ್ರಾಸ ಇಲ್ಲದಾಗ. ಈ ಕ್ಯಾನ್ಸರ್ ಬರುವುದು ಹೆಚ್ಚುಕಡಿಮೆ ಎಲ್ಲ ಸಲವೂ ಎಚ್‌ಪಿವಿ ಎಂಬ ವೈರಸ್‌ನಿಂದ. ಅದರ 16 ಮತ್ತು 18ನೇ ತಳಿಗಳೇ ಸುಮಾರು ಶೇ 70ರಷ್ಟಕ್ಕೆ ಕಾರಣ. ಲೈಂಗಿಕ ಸಂಪರ್ಕದಲ್ಲಿ ಹರಡುವ ಈ ವೈರಸ್ ಬಹುತೇಕ ಗಂಡು ಹೆಣ್ಣು ಎಲ್ಲರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹಾಗಾಗಿ ವೈರಸ್ ಇದ್ದ ಮಾತ್ರಕ್ಕೆ ಯಾರ ನಡತೆಯನ್ನೂ ಅನುಮಾನಿಸುವಂತಿಲ್ಲ. ಹೋಗದೆ ಉಳಿದ ಕೆಲವರಲ್ಲಿ ಗರ್ಭಕೋಶದ ಬಾಯಿಯ ಜೀವಕೋಶಗಳು ನಿಧಾನವಾಗಿ ಕೆಡುತ್ತ, ಸಾಮಾನ್ಯವಾಗಿ 15ರಿಂದ 20 ವರ್ಷದಲ್ಲಿ ಕ್ಯಾನ್ಸರ್ ಆಗುತ್ತದೆ. ಅಷ್ಟೂ ವರ್ಷ ನೋವಿಲ್ಲ, ರಕ್ತವಿಲ್ಲ. ಆ ಹೊತ್ತಿನಲ್ಲಿ ಕಂಡರೆ ದವಾಖಾನೆಯಲ್ಲಿ ಮಲಗದೆಯೇ ಮುಗಿಯುವ ಚಿಕಿತ್ಸೆ ಸಾಕು.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1,27,000 ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80,000 ಜನ ಸಾಯುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಆದವರು ದೇಶದಲ್ಲಿ ಶೇ 1.9 ಮಾತ್ರ.

ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆ ಇರುವ ಬಿಳಿ ಮುಟ್ಟು, ಬಿಡದ ಕಿಬ್ಬೊಟ್ಟೆ ನೋವು, ಇವು ಇದ್ದವರು ಶಿಬಿರಕ್ಕೆ ಕಾಯಬಾರದು. ನೇರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬೇಕು.

ಎಷ್ಟನೇ ವಯಸ್ಸಿಗೆ? ವರ್ಷಾ ವರ್ಷಾ ಹೋಗಬೇಕೇನ್ರಿ?

ಬೇಡ. ಸರಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ವಿಐಎ ತಪಾಸಣೆ, ಅಂದರೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿ ಕಣ್ಣಿನಿಂದ ನೋಡುವುದು. ಪ್ಯಾಪ್ ಸ್ಮಿಯರ್ (ಕೋಶ ತೆಗೆದು ಪ್ರಯೋಗಾಲಯದಲ್ಲಿ ನೋಡುವ ಪರೀಕ್ಷೆ) ಮಾಡಿಸುವವರು 3 ವರ್ಷಕ್ಕೊಮ್ಮೆ ಮಾಡಿಸಬೇಕು. ಎಚ್‌ಪಿವಿ ಡಿಎನ್‌ಎ ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಬಂದರೆ 5ರಿಂದ 10 ವರ್ಷಕ್ಕೊಮ್ಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟು ನಿಂತವರಲ್ಲಿ ಕೋಶಗಳು ಬದಲಾಗುವ ಜಾಗ ಒಳಕ್ಕೆ ಸರಿಯುವುದರಿಂದ ವಿಐಎಯಲ್ಲಿ ಕಾಣದೆ ಹೋಗಬಹುದು. ಅವರಿಗೆ ಎಚ್‌ಪಿವಿ ಪರೀಕ್ಷೆ, ಅದು ಸಿಗದಿದ್ದರೆ ಪ್ಯಾಪ್ ಒಳ್ಳೆಯದು.

ಅಲ್ಲಿ ಏನ್ ಮಾಡ್ತಾರ? ಬ್ಯಾನಿ ಆಗತೈತೇನು?

ಕೊಯ್ಯುವುದಿಲ್ಲ, ಸೂಜಿ ಇಲ್ಲ, ಅರಿವಳಿಕೆ ಇಲ್ಲ. ಹೆರಿಗೆ ಪರೀಕ್ಷೆಗೆ ಮಲಗುವ ಹಾಗೆ ಮೇಜಿನ ಮೇಲೆ ಮಲಗಬೇಕು. ತರಬೇತಿ ಪಡೆದ ನರ್ಸ್ ಅಥವಾ ಡಾಕ್ಟರು ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು ಗರ್ಭಕೋಶದ ಬಾಯಿಯನ್ನು ದೀಪದ ಬೆಳಕಿನಲ್ಲಿ ನೋಡುತ್ತಾರೆ. ಹತ್ತಿಯಿಂದ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿ ಪೂರ್ತಿ 1 ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಉರಿದಂತೆ, ಒತ್ತಿದಂತೆ ಅನಿಸಬಹುದು. ಫಲಿತಾಂಶ ಅಲ್ಲಿಯೇ ಗೊತ್ತಾಗುತ್ತದೆ. ಪ್ಯಾಪ್‌ನಲ್ಲಿ ಬ್ರಷ್‌ನಿಂದ ಕೋಶ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ವರದಿಗೆ ದಿನ ಹಿಡಿಯುತ್ತದೆ.

ಮುಟ್ಟಿನ ದಿನಗಳಲ್ಲಿ ಹೋಗಬೇಡಿ. ಹಿಂದಿನ 2 ದಿನ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ ಬೇಡ, ಒಳಗೆ ನೀರು ಹಾಕಿ ತೊಳೆಯುವುದೂ ಬೇಡ. ಬಸುರಿಯರು ಮೊದಲೇ ಹೇಳಬೇಕು.

ನಂದು ಆಪರೇಶನ್ ಆಗೇತ್ರಿ. ಮತ್ತ ಯಾಕ?

ನಮ್ಮ ಕಡೆ 'ಆಪರೇಶನ್' ಅಂದರೆ ಎರಡು ಅರ್ಥ. ಮಕ್ಕಳು ಸಾಕೆಂದು ಮಾಡಿಸಿದ ಆಪರೇಶನ್‌ನಲ್ಲಿ ನಾಳ ಮಾತ್ರ ಕಟ್ಟುತ್ತಾರೆ, ಗರ್ಭಕೋಶ ಮತ್ತು ಅದರ ಬಾಯಿ ಹಾಗೇ ಇರುತ್ತವೆ. ಅವರಿಗೆ ತಪಾಸಣೆ ಬೇಕೇ ಬೇಕು. 'ಚೀಲ ತಗಸೇನಿ' ಅನ್ನುವವರಲ್ಲಿ ಬಾಯಿಯೂ ಸೇರಿ ಪೂರ್ತಿ ತೆಗೆದಿದ್ದರೆ, ತೆಗೆದ ಕಾರಣ ಕ್ಯಾನ್ಸರ್ ಅಥವಾ ಅದರ ಮುನ್ನಿನ ಹಂತ ಅಲ್ಲದಿದ್ದರೆ, ಸಾಮಾನ್ಯವಾಗಿ ಬೇಕಿಲ್ಲ. ಬಾಯಿ ಉಳಿಸಿದ್ದರೆ ಬೇಕು. ಡಿಸ್ಚಾರ್ಜ್ ಕಾಗದ ತಂದು ತೋರಿಸಲು ಹೇಳಿ. ಗುಂಪಿನಲ್ಲಿ 'ಆಪರೇಶನ್ ಆದವರೂ ಬರಬೇಕು' ಎಂದು ಒಂದು ಸಾಲು ತಪ್ಪದೆ ಹಾಕಿ. ಅದಿಲ್ಲದಿದ್ದರೆ ಅರ್ಧ ಊರು ತನಗೆ ಸಂಬಂಧವಿಲ್ಲವೆಂದು ಮನೆಯಲ್ಲೇ ಉಳಿಯುತ್ತದೆ.

ಮಗಳಿಗೆ ಲಸಿಕೆ ಹಾಕಿಸಿದ್ರ ಸಾಕಲ್ಲ?

ಎಚ್‌ಪಿವಿ ಲಸಿಕೆ ಹಾಕಿಸಿ. 9ರಿಂದ 14 ವಯಸ್ಸು ಅದಕ್ಕೆ ಒಳ್ಳೆಯ ಕಾಲ. ಆದರೆ ಲಸಿಕೆ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ, ಆಗಲೇ ಬಂದ ಸೋಂಕನ್ನು ವಾಸಿ ಮಾಡುವುದೂ ಇಲ್ಲ. ಮಗಳು 30 ದಾಟಿದ ಮೇಲೆ ತಪಾಸಣೆಗೆ ಬರಬೇಕು. ತಾಯಿ ಈಗಲೇ ಬರಬೇಕು.

## ಸಂದೇಶ ಬರೆಯುವುದು

ಮೆಸೇಜ್‌ನ್ಯಾಗ ಏನೇನ್ ಇರಬೇಕ್ರಿ?

'ತಪಾಸಣೆ ಮಾಡಿಸಿಕೊಳ್ಳಿ, ಜೀವ ಉಳಿಸಿಕೊಳ್ಳಿ' ಎಂಬ ಸಂದೇಶ ಓದಿದ ಹೆಣ್ಣುಮಗಳು ತಲೆಯಾಡಿಸಿ ಮೊಬೈಲ್ ಕೆಳಗಿಡುತ್ತಾಳೆ. ಯಾವತ್ತು, ಎಲ್ಲಿ, ಯಾರ ಹತ್ತಿರ, ಎಷ್ಟು ಹೊತ್ತು, ಎಷ್ಟು ರೊಕ್ಕ, ನೋಡುವವರು ಹೆಣ್ಣೋ ಗಂಡೋ, ಯಾರ ಜೊತೆ ಹೋಗುವುದು: ಈ ಏಳಕ್ಕೆ ಉತ್ತರ ಇದ್ದರೆ ಮಾತ್ರ ಆಕೆ ಏಳುತ್ತಾಳೆ. ಒಂದು ಮಾದರಿ ಹೀಗಿರಬಹುದು:

'ಅಕ್ಕಾರ, 30ರಿಂದ 65 ವಯಸ್ಸಿನ ಹೆಣ್ಮಕ್ಕಳಿಗೆ ಗರ್ಭಚೀಲದ ಬಾಯಿ ತಪಾಸಣಿ ಐತಿ. 2026ರ ಏಪ್ರಿಲ್ 15, ಬುಧವಾರ, ಮುಂಜಾನೆ 9ರಿಂದ 12, ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಾಗ. ನೋಡೋರು ಹೆಣ್ಮಕ್ಕಳು. ಹತ್ತು ನಿಮಿಷದ ಕೆಲಸ, ರೊಕ್ಕ ಇಲ್ಲ. ಆಪರೇಶನ್ ಆದವರೂ ಬರ್ರಿ. ಮುಟ್ಟಾಗಿದ್ರ 22ನೇ ತಾರೀಖು ಬುಧವಾರ ಬರ್ರಿ. ಬರೋರು ನಮ್ಮ ಓಣಿ ಆಶಾ ಅಕ್ಕಾರಿಗೆ ಒಂದ್ ಫೋನ್ ಮಾಡ್ರಿ, ಜೋಡಿ ಹೋಗೋಣು.'

ತಾರೀಖಿನ ಜೊತೆ ಇಸವಿ ಬೇಕು. 'ಬರುವ ಬುಧವಾರ' ಎಂದಷ್ಟೇ ಬರೆದರೆ ಆ ಸಂದೇಶ ಮೂರು ತಿಂಗಳಾದ ಮೇಲೂ ಇನ್ನೊಂದು ಊರಿನಲ್ಲಿ ಓಡಾಡುತ್ತಿರುತ್ತದೆ, ಯಾರೋ ಬಸ್ ಹಿಡಿದು ಬಂದು ಬೀಗ ನೋಡಿ ಹೋಗುತ್ತಾರೆ. ಆಕೆ ಮತ್ತೆ ಬರುವುದಿಲ್ಲ. ಫೋನ್ ನಂಬರು ಚಿತ್ರದೊಳಗೆ ಮಾತ್ರ ಇದ್ದರೆ ಒತ್ತಿ ಕರೆ ಮಾಡಲು ಬಾರದು, ಅಕ್ಷರದಲ್ಲೂ ಹಾಕಿ. ಪೋಸ್ಟರ್‌ನಲ್ಲಿ 6 ಸಾಲಿಗಿಂತ ಹೆಚ್ಚು ಬೇಡ. ಅತಿಥಿಗಳ ಫೋಟೋ ಹಾಕಿದರೆ ತಾರೀಖಿಗೆ ಜಾಗ ಉಳಿಯುವುದಿಲ್ಲ, ಅದನ್ನು ಬಿಡಿ.

'ಕ್ಯಾನ್ಸರ್' ಅಂತ ಬರದ್ರ ಹೆದರ್ತಾರ. ಬರಿಲಿಲ್ಲ ಅಂದ್ರ ಬರಂಗಿಲ್ಲ. ಏನ್ ಮಾಡೋದು?

ಬರೆಯಿರಿ, ಆದರೆ ಕರೆಯುವ ಸಾಲಿನಲ್ಲಿ ಬೇಡ. ಮೊದಲು 'ಗರ್ಭಚೀಲದ ಬಾಯಿ ತಪಾಸಣಿ', ಕೆಳಗೆ 'ಕ್ಯಾನ್ಸರ್ ಆಗೋಕಿಂತ ಮೊದಲ ಗೊತ್ತಾಗತೈತಿ' ಎಂಬ ವಿವರಣೆ. 'ಗರ್ಭಕಂಠ' ಪುಸ್ತಕದ ಮಾತು. ಊರಲ್ಲಿ ಹೇಳಿದರೆ ಕುತ್ತಿಗೆ ಎಂದು ತಿಳಿಯುವವರಿದ್ದಾರೆ. ಪದ ಮುಚ್ಚಿಟ್ಟು 'ಹೆಲ್ತ್ ಕ್ಯಾಂಪ್' ಎಂದು ಕರೆದು, ಬಂದ ಮೇಲೆ ಮೇಜಿಗೆ ಏರಿಸುವುದು ಮೋಸ. ಒಮ್ಮೆ ಹಾಗೆ ಮಾಡಿದ ಊರಿಗೆ ಮತ್ತೆ ಕಾಲಿಡುವುದು ಕಷ್ಟ.

ಹುಣ್ಣು, ಗಡ್ಡೆ, ಹೆಣದ ಚಿತ್ರ ಬೇಡ. ಹೆದರಿದವರು ಬಾಗಿಲು ಹಾಕಿಕೊಳ್ಳುತ್ತಾರೆ. 2024ರ ಫೆಬ್ರುವರಿಯಲ್ಲಿ ನಟಿಯೊಬ್ಬರು ಈ ಕ್ಯಾನ್ಸರ್‌ನಿಂದ ಸತ್ತರೆಂದು ಸುದ್ದಿ ಹಬ್ಬಿಸಿ, ಮರುದಿನ ಜಾಗೃತಿಗಾಗಿ ಮಾಡಿದ್ದೆಂದು ಹೇಳಿಕೊಂಡ ಪ್ರಕರಣ ಎಲ್ಲರಿಗೂ ನೆನಪಿದೆ. ದೇಶವೆಲ್ಲ ಆ ರೋಗದ ಹೆಸರು ಕೇಳಿತು. ಅದರ ಜೊತೆಗೆ, ನಿಜವಾಗಿ ಈ ರೋಗದಲ್ಲಿರುವವರ ಮನೆಗಳಲ್ಲಿ ಸಿಟ್ಟೂ ನೋವೂ ಉಳಿದವು. ಸುಳ್ಳಿನಿಂದ ಗಮನ ಸೆಳೆದವರು ಮುಂದೆ ಹೇಳುವ ನಿಜವನ್ನೂ ಜನ ನಂಬುವುದಿಲ್ಲ.

ಫೋನ್ ಗಂಡನ ಕೈಯಾಗೋ ಮಗನ ಕೈಯಾಗೋ ಇರತೈತಿ. ಇಂಥಾದ್ದು ಕಳಸಾಕ ನಾಚಿಕಿ ಆಗತೈತ್ರಿ.

ಹಾಗಿದ್ದರೆ ಗಂಡನೂ ಮಗನೂ ಓದುತ್ತಾರೆಂದು ತಿಳಿದೇ ಬರೆಯಿರಿ. ಎಲ್ಲರೂ ನೋಡುವ ಸಂದೇಶದಲ್ಲಿ ಅಂಗದ ಚಿತ್ರ, ಸಂಪರ್ಕದ ಮಾತು ಬೇಡ; ತಾರೀಖು, ಜಾಗ, ವಯಸ್ಸು ಸಾಕು. ಗಂಡಸರಿಗೆಂದೇ ಬೇರೆ ಒಂದು ಸಾಲು ಹಾಕಿ: 'ಮನಿಯಾಗ 30 ದಾಟಿದ ಅವ್ವ, ಅಕ್ಕ, ಹೆಂಡತಿ ಇದ್ರ ಬುಧವಾರ ಗಾಡಿ ಮ್ಯಾಲ ಕರಕೊಂಡ ಬರ್ರಿ.' ಬಸ್ಸಿನ ತಾಪತ್ರಯ ಇರುವ ಊರುಗಳಲ್ಲಿ ಗಾಡಿ ಯಾರ ಕೈಯಲ್ಲಿದೆ ಎಂಬುದೇ ಎಷ್ಟೋ ಸಲ ತೀರ್ಮಾನ ಮಾಡುತ್ತದೆ. ಹೇಗೆ ನೋಡುತ್ತಾರೆ, ಏನು ಉಡಬೇಕು ಎಂಬ ವಿವರವನ್ನೆಲ್ಲ ಆಶಾ ಅಕ್ಕ ಬಾಯಲ್ಲಿ ಹೇಳಲಿ.

ಓದಾಕ ಬರದವರಿಗೆ?

ಧ್ವನಿ ಸಂದೇಶ. 40 ಸೆಕೆಂಡಿಗಿಂತ ಉದ್ದ ಬೇಡ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮಾತಾಡಿ. ತಾರೀಖು ಮತ್ತು ಜಾಗ ಎರಡು ಸಲ ಬರಲಿ, ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಊರಿನ ಪರಿಚಿತ ಹೆಣ್ಣುಮಗಳ ದನಿಯಾದರೆ ಕೇಳುತ್ತಾರೆ, ರೇಡಿಯೊ ದನಿಯಾದರೆ ಜಾಹೀರಾತೆಂದು ದಾಟಿಸುತ್ತಾರೆ. ನಿಪ್ಪಾಣಿ, ಖಾನಾಪುರ, ಬೆಳಗಾವಿ ಪಟ್ಟಣಕ್ಕೆ ಮರಾಠಿಯಲ್ಲಿ, ವಿಜಯಪುರದ ಮುಸ್ಲಿಂ ಓಣಿಗಳಿಗೆ ಉರ್ದುವಿನಲ್ಲಿ ಬೇರೆಯೇ ಧ್ವನಿ ಮಾಡಿಸಿ. ಆ ಮನೆಮಾತಿನವರ ಕೈಲೇ ಹೇಳಿಸಿ, ಕನ್ನಡದ ಪಠ್ಯ ಕೊಟ್ಟು ಅನುವಾದ ಓದಿಸಬೇಡಿ.

ಯಾವಾಗ ಕಳಿಸಿದ್ರ ಚಲೋ?

ಒಂದು ವಾರ ಮೊದಲು, ಹಿಂದಿನ ದಿನ ರಾತ್ರಿ, ಆ ದಿನ ಬೆಳಿಗ್ಗೆ: ಮೂರು ಸಲ ಸಾಕು. ಅದಕ್ಕಿಂತ ಹೆಚ್ಚಾದರೆ ಗುಂಪನ್ನೇ ಸದ್ದಿಲ್ಲದಂತೆ ಮಾಡಿಬಿಡುತ್ತಾರೆ. ಕೆಲಸ ಮುಗಿದು ಮೊಬೈಲ್ ಕೈಗೆ ಬರುವುದು ರಾತ್ರಿ ಊಟದ ಹೊತ್ತಿನ ನಂತರ.

ಶಿಬಿರದ ತಿಂಗಳನ್ನೂ ನೋಡಿ. ಸಕ್ಕರೆ ಕಾರ್ಖಾನೆಗಳು ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುತ್ತವೆ. ಕಬ್ಬು ಕಡಿಯುವ ಗ್ಯಾಂಗ್‌ನ ಹೆಣ್ಣುಮಕ್ಕಳು ಆಗ ಊರಲ್ಲಿ ಸಿಗುವುದಿಲ್ಲ. ಅವರು ಬೀಡುಬಿಟ್ಟ ಜಾಗಕ್ಕೆ ಹತ್ತಿರದ ಆರೋಗ್ಯ ಕೇಂದ್ರದ ಹೆಸರನ್ನೇ ಸಂದೇಶದಲ್ಲಿ ಹಾಕಿ, ಇಲ್ಲವೇ ಯುಗಾದಿಯ ನಂತರ ಕರೆಯಿರಿ. ಸವದತ್ತಿ ಯಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಬಾದಾಮಿ ಬನಶಂಕರಿ ಜಾತ್ರೆ, ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಈ ದಿನಗಳಲ್ಲಿ ಮೇಜು ಖಾಲಿ ಇರುತ್ತದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರ ಹೆಣ್ಣುಮಕ್ಕಳಿಗೆ ದಿನಗೂಲಿಯ ಲೆಕ್ಕ ಇರುತ್ತದೆ. 'ಹತ್ತು ನಿಮಿಷ' ಎಂದು ಕರೆದು ಮೂರು ತಾಸು ಕೂರಿಸಬೇಡಿ, ಸಮಯ ಹಂಚಿಕೊಡಿ.

## ಗುಂಪು ನಡೆಸುವುದು

ವಾಟ್ಸ್ಆ್ಯಪ್ ಗ್ರೂಪ್ ಮಾಡ್ಲೋ, ಬ್ರಾಡ್‌ಕಾಸ್ಟ್ ಮಾಡ್ಲೋ?

ಮಾಮೂಲಿ ಗುಂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. 'ತಪಾಸಣೆಗೆ ಹೆಸರು ಕೊಟ್ಟವರು' ಎಂಬ ಗುಂಪು ಮಾಡಿದರೆ ಯಾರ ಹೆಸರಿದೆ ಎಂದು ಊರಿಗೇ ಸಾರಿದಂತೆ. ಹಾಗೆ ಮಾಡಬೇಡಿ. ಈಗಾಗಲೇ ಇರುವ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ, ಭಜನಾ ಮಂಡಳಿಯ ಗುಂಪುಗಳಲ್ಲಿ ಕರೆ ಹಾಕಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರ ತನಕ ಸೇರಿಸಬಹುದು, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಕಳಿಸುವವರ ನಂಬರನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. 'ನೂರು ಜನಕ್ಕೆ ಕಳಿಸಿದೆ, ಯಾರೂ ನೋಡಲಿಲ್ಲ' ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ಮನೆಭೇಟಿಯಲ್ಲಿ ಆಶಾ ಅಕ್ಕನ ನಂಬರನ್ನು ಅವರ ಫೋನಿನಲ್ಲಿ ಅಲ್ಲೇ ಉಳಿಸಿಕೊಡುವುದು ಒಂದು ನಿಮಿಷದ ಕೆಲಸ.

ಒಬ್ಬಾಕಿ ತನ್ನ ರಿಪೋರ್ಟ್ ಗ್ರೂಪ್‌ನ್ಯಾಗ ಹಾಕಿ 'ಇದೇನ್ರಿ' ಅಂತ ಕೇಳಿದ್ಲು.

ತಕ್ಷಣ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಬೇಕು. ಗುಂಪಿನಲ್ಲಿ ಉತ್ತರ ಕೊಡಬೇಡಿ, ಬೈಯಲೂ ಬೇಡಿ. ಆಕೆಗೆ ಫೋನ್ ಮಾಡಿ, ನೋಡಿದ ಡಾಕ್ಟರ ಹತ್ತಿರ ಕಳಿಸಿ. ಶಿಬಿರದಲ್ಲಿ ಸಾಲಿನಲ್ಲಿ ಕೂತವರ ಫೋಟೋ ತೆಗೆದು 'ಯಶಸ್ವಿ ಶಿಬಿರ' ಎಂದು ಹಾಕುವುದೂ ಇದೇ ತಪ್ಪು. ಖಾಲಿ ಮೇಜು, ಬೋರ್ಡು, ನರ್ಸಿನ ಫೋಟೋ ಅವರ ಒಪ್ಪಿಗೆಯಿಂದ ಹಾಕಬಹುದು.

'ಕಾಪರ್ ಟಿ ಹಾಕಿ ಕಳಿಸ್ತಾರ', 'ಮುಟ್ಟಿದ್ರ ಗಡ್ಡೆ ಹರಡತೈತಿ' ಅಂತ ಫಾರ್ವರ್ಡ್ ಬರ್ತಾವ.

ಆ ಫಾರ್ವರ್ಡನ್ನು ಮತ್ತೆ ಹಾಕಿ 'ಇದು ಸುಳ್ಳು' ಎಂದು ಬರೆಯಬೇಡಿ; ನೋಡದವರೂ ನೋಡುತ್ತಾರೆ. ನಿಜವನ್ನು ಮಾತ್ರ ಹೇಳಿ: 'ಒಳಗ ಏನೂ ಇಟ್ಟು ಕಳಸಂಗಿಲ್ಲ. ಹತ್ತಿಲಿ ಒರಿಸಿ ನೋಡ್ತಾರ, ಅಷ್ಟ.' ಇದನ್ನು ಆ ಊರಿನಲ್ಲಿ ತಪಾಸಣೆ ಮಾಡಿಸಿಕೊಂಡ ಹೆಣ್ಣುಮಗಳೇ, ಆಕೆಗೆ ಇಷ್ಟವಿದ್ದರೆ, ಹೇಳಿದರೆ ಡಾಕ್ಟರ ಮಾತಿಗಿಂತ ಬೇಗ ನಾಟುತ್ತದೆ. ಮನೆಯಲ್ಲಿ ವಿನೆಗರ್ ಹಾಕಿ ನೋಡಿಕೊಳ್ಳಿ ಎಂಬ ವೀಡಿಯೊ ಬಂದರೆ ಮಾತ್ರ ಸುಮ್ಮನಿರಬೇಡಿ. ತನ್ನ ಗರ್ಭಕೋಶದ ಬಾಯಿಯನ್ನು ತಾನೇ ನೋಡಿ ತಿಳಿಯುವುದು ಆಗದ ಮಾತು, ಸುಟ್ಟುಕೊಳ್ಳುವ ಅಪಾಯವೂ ಇದೆ.

## ಇನ್ನೂ ಆಳಕ್ಕೆ

ಎಷ್ಟ್ ಮಂದಿಗೆ ಕರೀಬೇಕು? ಕರೆಯೋ ಮೊದಲ ಏನ್ ನೋಡ್ಕೋಬೇಕು?

ಒಂದು ಮೇಜು, ತರಬೇತಾದ ಒಬ್ಬ ನರ್ಸ್, ಹೇಳಿ ತಿಳಿಸಿ ಬರೆದುಕೊಳ್ಳುವುದೂ ಸೇರಿ ಒಬ್ಬರಿಗೆ 10ರಿಂದ 12 ನಿಮಿಷ. ಮೂರು ತಾಸಿಗೆ 15ರಿಂದ 18 ಜನ. 60 ಜನ ಬಂದರೆ 40ಕ್ಕೂ ಹೆಚ್ಚು ಜನ ವಾಪಸ್. ಹಾಗಾಗಿ ಊರಿಗೆಲ್ಲ ಒಂದೇ ಸಲ ಕರೆ ಹಾಕದೆ ಓಣಿ ಓಣಿಗೆ ಬೇರೆ ತಾರೀಖು ಕೊಡಿ.

ಸಂದೇಶ ಕಳಿಸುವ ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ: ಸ್ಪೆಕ್ಯುಲಮ್ ಎಷ್ಟಿವೆ? ಬಳಸಿದ್ದನ್ನು ಶೇ 0.5 ಕ್ಲೋರಿನ್ ನೀರಿನಲ್ಲಿ 10 ನಿಮಿಷ ನೆನೆಸಿ, ತೊಳೆದು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧ) ಮಾಡಬೇಕು ಇಲ್ಲವೇ 20 ನಿಮಿಷ ಕುದಿಸಬೇಕು. ಅಷ್ಟು ಹೊತ್ತು ಅದು ಕೈಗೆ ಸಿಗುವುದಿಲ್ಲ. ದ್ರಾವಣ ಅಂದೇ ಮಾಡಿದ್ದೇ? 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ 95 ಮಿ.ಲೀ. ಡಿಸ್ಟಿಲ್ಡ್ ನೀರು ಸೇರಿದರೆ ಶೇ 5ರ ದ್ರಾವಣ. ನೀರು ಬೆರೆಸದ ಆಮ್ಲ ಮೈ ಸುಡುತ್ತದೆ, ಅದಕ್ಕೇ ಬಾಟಲಿಗೆ ಹೆಸರು, ತಾರೀಖು ಅಂಟಿಸಿರಬೇಕು. ದೀಪ ಚೆನ್ನಾಗಿದೆಯೇ, ಕರೆಂಟ್ ಹೋದರೆ ಬ್ಯಾಟರಿ ಇದೆಯೇ, ಪರದೆ ಇದೆಯೇ, ಶೌಚಾಲಯಕ್ಕೆ ನೀರಿದೆಯೇ? ಎಲ್ಲಕ್ಕಿಂತ ಮುಖ್ಯ, ಬಿಳಿ ಕಂಡವರನ್ನು ಯಾವ ದಿನ, ಎಲ್ಲಿಗೆ ಕಳಿಸುತ್ತೀರಿ? ಇದಕ್ಕೆ ಉತ್ತರ ಸಿಗುವ ತನಕ ಕರೆ ಕಳಿಸಬೇಡಿ.

ಪಾಸಿಟಿವ್ ಬಂದವರಿಗೆ ಏನಂತ ಮೆಸೇಜ್ ಹಾಕೋದು?

ಫಲಿತಾಂಶವನ್ನು ಮೆಸೇಜ್‌ನಲ್ಲಿ ಹಾಕುವುದೇ ಇಲ್ಲ. ವಿಐಎಯದು ಅಲ್ಲೇ ಗೊತ್ತಾಗುವುದರಿಂದ ನರ್ಸ್ ಎದುರಿಗೇ ಕೂತು ಹೇಳಬೇಕು: 'ಇದು ಕ್ಯಾನ್ಸರ್ ಅಂತಲ್ಲ. ಇನ್ನೊಮ್ಮೆ ಚಲೋತ್ನಾಗಿ ನೋಡಬೇಕು ಅಂತ.' ವಿಐಎ ಪಾಸಿಟಿವ್ ಆದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಆಮೇಲೆ ಹೋಗುವ ನೆನಪೋಲೆ ಯಾರು ಓದಿದರೂ ಏನೂ ತಿಳಿಯದಂತಿರಲಿ: 'ಅಕ್ಕಾರ, ಸೋಮವಾರ 10ಕ್ಕ ಬಸ್‌ಸ್ಟ್ಯಾಂಡ್‌ನ್ಯಾಗ ಸಿಗೋಣು.'

ಮುಂದಿನ ಹಂತ ಕಾಲ್ಪೊಸ್ಕೊಪಿ (ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಸಾಧನದಿಂದ ನೋಡುವುದು), ಅಗತ್ಯವಿದ್ದರೆ ಚೂರು ತೆಗೆದು ಪರೀಕ್ಷೆ. ಮುನ್ನಿನ ಹಂತವಾದರೆ ಬಿಸಿ ಸಾಧನದಿಂದ ಸುಡುವುದು, ಶೀತದಿಂದ ಹೆಪ್ಪುಗಟ್ಟಿಸುವುದು ಅಥವಾ ಲೀಪ್ (ಕರೆಂಟ್ ಹಾಯುವ ತಂತಿಯಿಂದ ಕೆಟ್ಟ ಭಾಗ ಕತ್ತರಿಸಿ ತೆಗೆಯುವುದು). ಸುಟ್ಟ ಮೇಲೆ ಕೆಲವು ವಾರ ನೀರು ಹೋಗುತ್ತದೆ, 4 ವಾರ ಸಂಪರ್ಕ ಬೇಡ, 12 ತಿಂಗಳಿಗೆ ಮತ್ತೆ ತಪಾಸಣೆ. ಇದನ್ನು ಮೊದಲೇ ಹೇಳದಿದ್ದರೆ ನೀರು ಹೋಗುವುದನ್ನು ಕಂಡು 'ಕೆಡಿಸಿಬಿಟ್ರು' ಎಂಬ ಸುದ್ದಿ ಹುಟ್ಟುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಜಿಲ್ಲಾ ಆಸ್ಪತ್ರೆಗಳ ಜೊತೆಗೆ ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ, ವಿಜಯಪುರದ ಬಿಎಲ್‌ಡಿಇ ವೈದ್ಯಕೀಯ ಕಾಲೇಜುಗಳಿವೆ. ಯಾವ ದಿನ ಯಾರು ನೋಡುತ್ತಾರೆಂದು ಮೊದಲೇ ಫೋನ್ ಮಾಡಿ ಕೇಳಿ. ಕ್ಯಾನ್ಸರ್ ಎಂದು ಖಚಿತವಾದರೆ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಮತ್ತು ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗಿ ಕೈಯಿಂದ ರೊಕ್ಕ ಹಾಕಿಕೊಳ್ಳುವವರು ಬಹಳ.

ಎಚ್‌ಐವಿ ಇದ್ದವರಿಗೆ ಬ್ಯಾರೆ ಏನರ ಐತೇನು?

ಇದೆ. ಅವರಲ್ಲಿ ಈ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು, ಬೆಳೆಯುವುದೂ ಬೇಗ. 25ನೇ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ತಪಾಸಣೆ ಬೇಕು. ಎಚ್‌ಐವಿ ಹೊರೆ ಹೆಚ್ಚು ಕಂಡ ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಈ ಮಾತು ಬಿಡುವಂತಿಲ್ಲ. ಆದರೆ ಅವರನ್ನು ಕರೆಯುವ ಸಂದೇಶ, ಗುಂಪು ಮಾಡಲೇಬೇಡಿ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಹೊರಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಎಆರ್‌ಟಿ ಕೇಂದ್ರದ (ಎಚ್‌ಐವಿ ಚಿಕಿತ್ಸೆ ಕೊಡುವ ಕೇಂದ್ರ) ಆಪ್ತ ಸಮಾಲೋಚಕರು ಗುಳಿಗೆ ಕೊಡುವಾಗ ಎದುರಾಎದುರು ಹೇಳುವುದೇ ಸರಿಯಾದ ದಾರಿ.

ಫೇಸ್‌ಬುಕ್‌ಗೆ ರೊಕ್ಕ ಕೊಟ್ಟು ಜಾಹೀರಾತು ಹಾಕೋದು ಉಪಯೋಗ ಐತೇನು?

ಪಟ್ಟಣಕ್ಕೆ ಇದೆ, ಹಳ್ಳಿಗೆ ಕಡಿಮೆ. ಮೆಟಾ ಕಂಪನಿ 2022ರ ಜನವರಿಯಿಂದ ಆರೋಗ್ಯ ವಿಷಯದ ಆಸಕ್ತಿ ನೋಡಿ ಜನರನ್ನು ಆರಿಸುವ ದಾರಿಗಳನ್ನು ತೆಗೆದಿದೆ. ಊರು, ವಯಸ್ಸು, ಭಾಷೆ ಆರಿಸಿದರೆ ಸಾಕು. ನಿಪ್ಪಾಣಿಯ ಸುತ್ತ ದೊಡ್ಡ ವೃತ್ತ ಎಳೆದರೆ ಅರ್ಧ ರೊಕ್ಕ ಕೊಲ್ಹಾಪುರ ಜಿಲ್ಲೆಯವರಿಗೆ ತೋರಿಸಲು ಹೋಗುತ್ತದೆ, ಅದನ್ನು ಹೊರಗಿಡಿ. ಅಂಗರಚನೆಯ ಚಿತ್ರ ಹಾಕಿದರೆ ಜಾಹೀರಾತು ತಿರಸ್ಕಾರವಾಗಬಹುದು.

ನಮ್ಮ ಪ್ರಚಾರ ಕೆಲಸ ಮಾಡ್ತೋ ಇಲ್ಲೋ ಹೆಂಗ ತಿಳಿಯೋದು?

ಲೈಕು, ವೀಕ್ಷಣೆ ಎಣಿಸಬೇಡಿ. ಬರೆಯುವ ರಿಜಿಸ್ಟರಿನಲ್ಲಿ 'ಯಾರು ಹೇಳಿದರು' ಎಂಬ ಒಂದು ಕಾಲಂ ಸೇರಿಸಿ: ವಾಟ್ಸ್ಆ್ಯಪ್, ಆಶಾ, ನೆರೆಮನೆ, ಗಂಡ. ಕೊನೆಗೆ ನಾಲ್ಕು ಅಂಕಿ ನೋಡಿ. ಎಷ್ಟು ಜನ ಬಂದರು, ಅವರಲ್ಲಿ ಮೊದಲ ಸಲದವರು ಎಷ್ಟು, ಬಿಳಿ ಕಂಡವರು ಎಷ್ಟು, ಆ ಬಿಳಿ ಕಂಡವರಲ್ಲಿ ಚಿಕಿತ್ಸೆ ಮುಗಿಸಿದವರು ಎಷ್ಟು. ಕೊನೆಯ ಎರಡು ಅಂಕಿ ಸಮವಾಗದಿದ್ದರೆ ಮುಂದಿನ ಪೋಸ್ಟರ್ ಬಿಟ್ಟು ಅವರ ಮನೆಗೆ ಹೋಗಿ.

ಕಷ್ಟಪಟ್ಟಿದ್ದಕ್ಕೆ ಫಲವಿದೆ ಎಂಬುದಕ್ಕೆ ಪುರಾವೆ ಪಕ್ಕದಲ್ಲೇ ಇದೆ. ಸೊಲ್ಲಾಪುರದ ಆಚೆಯ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳ 30ರಿಂದ 59 ವಯಸ್ಸಿನ ಸುಮಾರು 1,31,000 ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಹಳ್ಳಿಗಳಲ್ಲಿ, ಎಂಟು ವರ್ಷದಲ್ಲಿ, ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಅವರೂ ನಮ್ಮಂಥದೇ ಜೋಳದ ಸೀಮೆಯ ಹೆಣ್ಣುಮಕ್ಕಳು.

ಐದು ವರ್ಷ ಆದ ಮ್ಯಾಲ ಅವರನ್ನ ಹೆಂಗ ಹುಡುಕೋದು?

ಐದು ವರ್ಷದಲ್ಲಿ ಸಿಮ್ ಬದಲಾಗುತ್ತದೆ, ಮೊಬೈಲ್ ಒಡೆಯುತ್ತದೆ, ಗುಂಪಿನ ಅಡ್ಮಿನ್ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ. ಹಾಗಾಗಿ ಪಟ್ಟಿ ಯಾರದೋ ಮೊಬೈಲ್‌ನಲ್ಲಿ ಇರಬಾರದು, ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಇರಬೇಕು: ಹೆಸರು, ವಯಸ್ಸು, ಓಣಿ, ತಪಾಸಣೆಯ ತಾರೀಖು, ಮುಂದಿನ ಇಸವಿ, ಆಕೆ ಒಪ್ಪಿದ ಎರಡು ಫೋನ್ ನಂಬರು, ಒಂದು ಆಕೆಯದು, ಇನ್ನೊಂದು ನಂಬಿಕೆಯವರದು. ತವರಿಗೆ ಹೋಗಿಬರುವವರಿಗೆ ತವರೂರಿನ ಹೆಸರನ್ನೂ ಬರೆದುಕೊಳ್ಳಿ. ಮುಂದಿನ ಇಸವಿಯನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಆಕೆಯ ಕೈಗೆ ಕೊಡಿ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದೊಳಗೆ ಇಡಲು ಹೇಳಿ. ಮನೆಯಲ್ಲಿ ಏನು ಕಳೆದರೂ ಆ ಚೀಲ ಕಳೆಯುವುದಿಲ್ಲ.